ಇನ್‌ಬಾಕ್ಸ್ ಹಸನು ಮಾಡಿದ ಹತ್ತು ವಾರ

ದಸರೆಯ ಮರುದಿನ

23,418. ಓದದೆ ಬಿದ್ದಿರುವ ಮೇಲ್‌ಗಳ ಲೆಕ್ಕ ಇದು. 2009ರಲ್ಲಿ ತೆರೆದ ಖಾತೆ. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ಕೂತು ಹಸನು ಮಾಡಿಲ್ಲ.

ಈಗ ಕೂತದ್ದಕ್ಕೆ ಕಾರಣ ಇದೆ. ಮಾನ್ವಿಯಲ್ಲಿರುವ ಅಕ್ಕನ ಮಗಳ ಕಾಲೇಜು ಅರ್ಜಿಗೆ ನನ್ನ ಇಮೇಲ್ ವಿಳಾಸ ಕೊಟ್ಟಿದ್ದೆವು, ಮನೆಯಲ್ಲಿ ದಿನಾ ಮೇಲ್ ನೋಡುವವನು ನಾನೊಬ್ಬನೇ ಅಂತ. ಆಗಸ್ಟ್‌ನಲ್ಲಿ ‘ಹಾಸ್ಟೆಲ್ ಸೀಟು ಸಿಕ್ಕಿದೆ, ಏಳು ದಿನದೊಳಗೆ ಶುಲ್ಕ ಕಟ್ಟಿ’ ಎಂಬ ಪತ್ರ ಬಂದಿತ್ತು. ಅದು ಹೋಗಿ ಬಿದ್ದದ್ದು ಬೇಡದ ಮೇಲ್‌ಗಳು ಸೇರುವ ಸ್ಪ್ಯಾಮ್ ಫೋಲ್ಡರಿನಲ್ಲಿ. ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ ವಿಚಾರಿಸಿದರೆ “ನಿಮಗೆ ಮೇಲ್ ಹೋಗಿದೆಯಲ್ಲ” ಎಂದರು. ಹುಡುಕಿದೆ. ಸಾಲ, ಲಾಟರಿ, ಮನೆಯಲ್ಲೇ ಕೂತು ಗಳಿಸಿ ಎಂಬ ರಾಶಿಯ ನಡುವೆ ಸಿಕ್ಕಿತು. ಬಂದು 26 ದಿನ ಆಗಿತ್ತು. ಇನ್ನು ನಾಲ್ಕು ದಿನ ಕಳೆದಿದ್ದರೆ 30 ದಿನದ ಗಡುವು ಮುಗಿದು ತಾನಾಗಿ ಅಳಿಸಿಹೋಗುತ್ತಿತ್ತು, ಬಂದಿತ್ತು ಎಂಬ ಗುರುತೂ ಉಳಿಯುತ್ತಿರಲಿಲ್ಲ. ಸೀಟು ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಹುಡುಗಿ ಈಗ ಪಿಜಿಯಲ್ಲಿದ್ದಾಳೆ, ಖರ್ಚು ಜಾಸ್ತಿ. ಅಕ್ಕ ನನ್ನನ್ನು ಬೈಯಲಿಲ್ಲ. “ಹೋಗ್ಲಿ ಬಿಡು ತಮ್ಮಾ” ಅಂದಳು. ಬೈದಿದ್ದರೆ ಇಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿರಲಿಲ್ಲವೇನೋ.

ಆದ್ದರಿಂದ ಗುರಿ ಮೊದಲೇ ಬರೆದಿಟ್ಟುಕೊಂಡೆ: ಬೇಕಾದ ಒಂದು ಮೇಲೂ ಕಸದ ಜೊತೆ ಹೋಗಬಾರದು. ಕಸ ಎಷ್ಟು ಕಡಿಮೆಯಾಗುತ್ತದೆ ಎಂಬುದು ಆಮೇಲಿನ ಮಾತು.

ಮೊದಲ ವಾರ

ಹುಡುಕುವ ಜಾಗದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಎಂದು ಇಂಗ್ಲಿಷಿನಲ್ಲಿ ಹಾಕಿದೆ. ‘ಇನ್ನು ಕಳಿಸಬೇಡಿ’ ಎಂದು ಹೇಳುವ ಕೊಂಡಿ ಅದು, ಜಾಹೀರಾತು ಮೇಲ್‌ಗಳ ಅಡಿಯಲ್ಲಿ ಸಾಮಾನ್ಯವಾಗಿ ಆ ಪದ ಇರುತ್ತದೆ. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬಂದವು. ಎಲ್ಲವನ್ನೂ ಆಯ್ದು ಒಂದೇ ಏಟಿಗೆ ಅಳಿಸೋಣ ಎಂದುಕೊಂಡವನು, ಒಮ್ಮೆ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಒಳ್ಳೆಯದಾಯಿತು. ವಿಮೆ ಕಂತಿನ ರಸೀದಿಗಳು ಅದರಲ್ಲೇ ಇದ್ದವು, ಅವುಗಳ ಅಡಿಯಲ್ಲೂ ಅದೇ ಪದ. ಆಮೇಲೆ ಕಳಿಸಿದವರ ಹೆಸರು ಹಿಡಿದು ಒಬ್ಬೊಬ್ಬರದೇ ತೆಗೆಯುತ್ತ ಬಂದೆ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ, ಆರು ದಿನ.

ಮುಂದೆ ಬರುವುದನ್ನು ನಿಲ್ಲಿಸಲು ಈಗ ಮೊದಲಿಗಿಂತ ಸುಲಭದ ದಾರಿ ಇದೆ. ಜಿಮೇಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಜಿಮೇಲ್ ಲೆಕ್ಕದಲ್ಲಿ ‘ದೊಡ್ಡ ಪ್ರಮಾಣ’ ಅಂದರೆ ದಿನಕ್ಕೆ 5,000ಕ್ಕಿಂತ ಹೆಚ್ಚು. ಅಂಥವರು ಒಂದೇ ಒತ್ತಿಗೆ ಹೊರಬರುವ ಬಟನ್ ಕೊಡಬೇಕು, ಕೇಳಿದ ಎರಡು ದಿನದೊಳಗೆ ನಿಲ್ಲಿಸಬೇಕು. ಬಟನ್ ಮೇಲ್‌ನ ತಲೆಯಲ್ಲೇ, ಕಳಿಸಿದವರ ಹೆಸರಿನ ಪಕ್ಕ ಕಾಣುತ್ತದೆ. ನಾನು 61 ಕಡೆಯಿಂದ ಹೊರಬಂದೆ. ಬಟ್ಟೆ ಅಂಗಡಿ, ಬಸ್ ಟಿಕೆಟ್, ಎಂದೋ ಒಮ್ಮೆ ಔಷಧ ತರಿಸಿದ ಕಡೆ, ಎಲ್ಲ ನಿಜವಾದ ಕಂಪನಿಗಳು.

ಹೆಸರೇ ಕೇಳಿರದವರ ಮೇಲ್‌ನ ಅಡಿಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಮಾತ್ರ ಮುಟ್ಟಲಿಲ್ಲ. ಒತ್ತಿದರೆ ‘ಈ ವಿಳಾಸದಲ್ಲಿ ಜನ ಇದ್ದಾರೆ, ಓದುತ್ತಾರೆ’ ಎಂದು ನಾವೇ ಹೇಳಿಕೊಟ್ಟಂತೆ. ಅಂಥವಕ್ಕೆ ‘ಸ್ಪ್ಯಾಮ್ ಎಂದು ವರದಿ ಮಾಡಿ’ ಅಷ್ಟೇ.

ಇದೇ ವಾರ ಇನ್ನೊಂದು ಸಣ್ಣ ಬದಲಾವಣೆ: ಹೊರಗಿನ ಚಿತ್ರಗಳನ್ನು ಕೇಳದೆ ತೋರಿಸಬಾರದು ಎಂದು ಸೆಟ್ಟಿಂಗ್‌ನಲ್ಲಿ ಹಾಕಿದೆ. ಕೆಲವು ಮೇಲ್‌ಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದ, ಒಂದೇ ಚುಕ್ಕೆಯ ಚಿತ್ರ ಇರುತ್ತದೆ. ನಾವು ಮೇಲ್ ತೆರೆದ ಕ್ಷಣ ಅದು ಕಳಿಸಿದವರ ಕಂಪ್ಯೂಟರಿನಿಂದ ಇಳಿಯುತ್ತದೆ, ತೆರೆದ ಸುದ್ದಿ ಅವರಿಗೆ ಮುಟ್ಟುತ್ತದೆ.

ಮೂರನೇ ವಾರ

ನಾನು ಲೆಕ್ಕ ಬರೆಯುವುದು ರಾಯಚೂರಿನಲ್ಲಿ, ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್‌ನಲ್ಲಿ. ಈಗ ಹತ್ತಿ ಬರಲು ಶುರುವಾಗಿದೆ, ಅಂಗಳದಲ್ಲಿ ರಾಶಿ ಬಿದ್ದಿದೆ. ಮಷಿನ್‌ಗೆ ಹಾಕುವ ಮುಂಚೆ ಹೆಣ್ಣುಮಕ್ಕಳು ಕೂತು ಕಸ ಆರಿಸುತ್ತಾರೆ. ಒಣ ಎಲೆ, ಕಾಯಿಯ ಸಿಪ್ಪೆ ಅಷ್ಟೇ ಅಲ್ಲ, ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ, ತಲೆಗೂದಲು, ಗುಟ್ಕಾ ಚೀಟಿ. ಪ್ಲಾಸ್ಟಿಕ್ ಎಳೆ ಒಂದು ಉಳಿದರೂ ನೂಲಿನಲ್ಲಿ ಸೇರಿ, ಬಟ್ಟೆಗೆ ಬಣ್ಣ ಹಾಕಿದಾಗ ಅದೊಂದೇ ಬಣ್ಣ ಹಿಡಿಯದೆ ಬೆಳ್ಳಗೆ ಕಾಣುತ್ತದೆ.

ಇಪ್ಪತ್ತು ವರ್ಷದಿಂದ ಆರಿಸುತ್ತಿರುವ ಅವ್ವ ಒಬ್ಬರಿದ್ದಾರೆ. ಮಧ್ಯಾಹ್ನ ಅವರ ಪಕ್ಕ ನಿಂತು ನೋಡಿದೆ. ಒಂದು ಹಿಡಿ ಹತ್ತಿ ತೆಗೆದು ಎರಡೂ ಕೈಯಲ್ಲಿ ಹಿಂಜಿ ಬಿಸಿಲಿಗೆ ಹಿಡಿಯುತ್ತಾರೆ, ಎಳೆಯನ್ನು ಉಗುರಿನ ತುದಿಯಲ್ಲಿ ಎಳೆದು ಪಕ್ಕದ ಡಬ್ಬಿಗೆ ಹಾಕುತ್ತಾರೆ. ಸಂಜೆ ಆ ಕಸದ ಡಬ್ಬಿಯನ್ನೇ ಮತ್ತೆ ಸುರುವಿ ಬೆರಳಾಡಿಸುತ್ತಾರೆ. ಯಾಕೆ ಎಂದು ಕೇಳಿದೆ.

“ಅವಸರದಾಗ ಕಸದ ಸಂಗಡ ಹತ್ತೀನೂ ಹೋಗಿರ್ತದಲ್ರಿ ಸರ. ಅದನ್ನ ಯಾರ್ ತಕ್ಕೊಂಡ್ ಬರ್ತಾರ?”

ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿದ್ದದ್ದು ಇದೇ. ಹದಿನಾರು ವರ್ಷದಲ್ಲಿ ಸ್ಪ್ಯಾಮ್ ಡಬ್ಬಿಯನ್ನು ಒಂದು ಸಲವೂ ಸುರುವಿ ನೋಡಿರಲಿಲ್ಲ.

ಅಂದಿನಿಂದ ಸ್ಪ್ಯಾಮ್ ಬೇರ್ಪಡಿಸುವ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಓದಿಕೊಂಡೆ. 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ತನಗೆ ಬಂದ ಸ್ಪ್ಯಾಮ್ ಸುಮಾರು 4,000, ಒಳ್ಳೆಯ ಮೇಲ್ ಸುಮಾರು 4,000 ಇಟ್ಟುಕೊಂಡು, ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರು. ಹೊಸ ಮೇಲ್ ಬಂದಾಗ ಅದರಲ್ಲಿ ಎದ್ದು ಕಾಣುವ 15 ಪದಗಳನ್ನು ಆಯ್ದು, ಆ ಎಣಿಕೆಯಿಂದ ಇದು ಸ್ಪ್ಯಾಮ್ ಆಗಿರುವ ಸಂಭವ ಎಷ್ಟು ಎಂದು ಕೂಡಿಸುವುದು. ಲೆಕ್ಕದ ಬುಡ 18ನೇ ಶತಮಾನದ ಗಣಿತಜ್ಞ ಥಾಮಸ್ ಬೇಯ್ಸ್‌ನದು. ಇದರಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ: ಒಳ್ಳೆಯ ಮೇಲ್‌ನಲ್ಲಿ ಬಂದ ಪದಗಳ ಎಣಿಕೆಯನ್ನು ಅವರು ಬೇಕೆಂದೇ ಇಮ್ಮಡಿ ಮಾಡಿದ್ದರು. ಒಂದಿಷ್ಟು ಕಸ ಒಳಗೆ ಬಂದರೆ ಅಳಿಸಬಹುದು, ಒಳ್ಳೆಯದು ಹೊರಗೆ ಹೋದರೆ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು ಎಂಬುದು ಅವರ ವಾದ. ಮಿಲ್ಲಿನ ಅವ್ವ ಹೇಳಿದ್ದೂ ಅದೇ.

ಇಂದಿನ ಫಿಲ್ಟರ್‌ಗಳು ಪದಗಳನ್ನಷ್ಟೇ ನೋಡುವುದಿಲ್ಲ, ಆದರೆ ನಾವು ಒತ್ತುವ ‘ಇದು ಸ್ಪ್ಯಾಮ್’, ‘ಇದು ಸ್ಪ್ಯಾಮ್ ಅಲ್ಲ’ ಎರಡರಿಂದಲೂ ಕಲಿಯುತ್ತವೆ. ನಾನು ಇಷ್ಟು ವರ್ಷ ಮೊದಲನೆಯದನ್ನು ಮಾತ್ರ ಕಲಿಸಿದ್ದೆ.

ನಾಲ್ಕನೇ ವಾರ

ಹಾಸ್ಟೆಲ್ ಪತ್ರ ಸ್ಪ್ಯಾಮ್‌ಗೆ ಯಾಕೆ ಹೋಯಿತು? ಆ ಮೇಲನ್ನು ಇಟ್ಟುಕೊಂಡಿದ್ದೆ. ಮೆನುವಿನಲ್ಲಿ ‘ಮೂಲ ತೋರಿಸು’ ಎಂದಿರುತ್ತದೆ, ಒತ್ತಿದರೆ ಮೇಲ್‌ನ ಪೂರ್ತಿ ಜಾತಕ ತೆರೆಯುತ್ತದೆ. ಎಸ್‌ಪಿಎಫ್ ಎಂಬ ಸಾಲಿನ ಮುಂದೆ ‘ಫೇಲ್’. ಡಿಕಿಮ್ ಎಂಬ ಸಾಲೇ ಇಲ್ಲ.

ನನಗೆ ಅರ್ಥವಾದಂತೆ ಹೇಳುತ್ತೇನೆ. ನಮ್ಮ ಹೆಸರಿನಲ್ಲಿ ಪತ್ರ ಹಾಕಲು ಇಂಥಿಂಥ ಸರ್ವರ್‌ಗಳಿಗೆ ಮಾತ್ರ ಅಧಿಕಾರ ಎಂದು ಸಂಸ್ಥೆ ಬಹಿರಂಗವಾಗಿ ಬರೆದಿಡುವ ಪಟ್ಟಿ ಎಸ್‌ಪಿಎಫ್. ಪತ್ರದ ಮೇಲೆ ಒತ್ತುವ ಮೊಹರು ಡಿಕಿಮ್, ನಡುದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ಅದು ಸಾಕ್ಷಿ ಹೇಳುತ್ತದೆ. ಕಾಲೇಜಿನವರು ಪಟ್ಟಿಯಲ್ಲಿಲ್ಲದ ಬೇರೆ ಸರ್ವರ್‌ನಿಂದ, ಮೊಹರಿಲ್ಲದೆ ಕಳಿಸಿದ್ದಾರೆ. ಅದರ ಮೇಲೆ ‘ಅಭಿನಂದನೆಗಳು’, ‘ಏಳು ದಿನದೊಳಗೆ ಹಣ ಕಟ್ಟಿ’, ‘ಈ ಕೊಂಡಿ ಒತ್ತಿ’. ಮೋಸದ ಮೇಲ್‌ಗೂ ಇದೇ ವೇಷ.

ಕಾಲೇಜಿಗೆ ಇದನ್ನೆಲ್ಲ ವಿವರವಾಗಿ ಬರೆದು ಕಳಿಸಿದೆ, ಅಂಚೆಯಲ್ಲೂ ಒಂದು ಪ್ರತಿ ಹಾಕಿದೆ. ಇನ್ನೆಷ್ಟು ಮಕ್ಕಳ ಪತ್ರ ಹೀಗೆ ಹೋಗಿದೆಯೋ. ಉತ್ತರ ಬಂದಿಲ್ಲ. ಹದಿನೈದು ದಿನಕ್ಕೊಮ್ಮೆ ಮತ್ತೆ ಬರೆಯುತ್ತೇನೆ.

ನನ್ನ ಕಡೆಯಿಂದ ಮಾಡಿದ್ದು: ಆ ಕಾಲೇಜು, ಬ್ಯಾಂಕ್, ವಿದ್ಯುತ್ ಬಿಲ್, ಮಿಲ್ಲಿನ ಆಡಿಟರ್, ಇವರ ವಿಳಾಸಗಳಿಗೆ ‘ಎಂದೂ ಸ್ಪ್ಯಾಮ್‌ಗೆ ಕಳಿಸಬೇಡ’ ಎಂದು ಫಿಲ್ಟರ್ ಕಟ್ಟಿದೆ. ಭಾನುವಾರ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಸ್ಪ್ಯಾಮ್ ಡಬ್ಬಿ ಸುರುವುವುದು ಎಂದು ನಿಗದಿ ಮಾಡಿಕೊಂಡೆ.

ಆರನೇ ವಾರ, ದೀಪಾವಳಿ ಕಳೆದ ಮೇಲೆ

ವಿಳಾಸ ಎಲ್ಲಿಂದ ಸೋರುತ್ತದೆ ಎಂದು ಪತ್ತೆ ಹಚ್ಚುವ ಪ್ರಯೋಗ ಫಲ ಕೊಟ್ಟಿದೆ. ಜಿಮೇಲ್, ಔಟ್‌ಲುಕ್‌ನಂಥ ಸೇವೆಗಳಲ್ಲಿ ವಿಳಾಸದಲ್ಲಿ ನಮ್ಮ ಹೆಸರು ಮುಗಿದ ಮೇಲೆ, @ ಚಿಹ್ನೆಗೆ ಮೊದಲು, ಕೂಡಿಸುವ ಚಿಹ್ನೆ (+) ಹಾಕಿ ಯಾವುದೇ ಪದ ಸೇರಿಸಿದರೂ ಮೇಲ್ ನಮ್ಮ ಡಬ್ಬಿಗೇ ಬರುತ್ತದೆ. ದಸರೆ ಸಮಯದಲ್ಲಿ ಒಂದು ಪೀಠೋಪಕರಣದ ಅಂಗಡಿಯಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿಸುವಾಗ ಹೆಸರಾದ ಮೇಲೆ ‘ಪ್ಲಸ್ ಸೋಫಾ’ ಸೇರಿಸಿ ಬರೆದಿದ್ದೆ. ಹತ್ತೊಂಬತ್ತನೇ ದಿನಕ್ಕೆ ಅದೇ ವಿಳಾಸಕ್ಕೆ ಸಾಲ ಕೊಡುತ್ತೇವೆ ಎಂದು ಮೇಲ್ ಬಂತು. ಅದಾದ ಮೂರನೇ ದಿನ ಇನ್ನೊಂದು, ಬೇರೆ ಹೆಸರಿನಲ್ಲಿ.

ಅಂಗಡಿಗೆ ಹೋಗಿ ಫೋನ್ ತೋರಿಸಿದೆ. ಕೌಂಟರಿನ ಹುಡುಗ, “ಕೂಪನ್ ಎಲ್ಲಾ ಏಜೆನ್ಸಿಯವ್ರು ಒಯ್ತಾರ್ರೀ ಅಣ್ಣಾ, ನಮಗೇನ್ ಗೊತ್ತಾಗಲ್ಲ” ಅಂದ. ಅವನ ತಪ್ಪಲ್ಲ, ಆದರೆ ಮಾಲೀಕರದು ಹೌದು. ಯಾವ ಕೆಲಸಕ್ಕೆಂದು ಒಪ್ಪಿಗೆ ಪಡೆದಿದ್ದೀರೋ ಆ ಕೆಲಸಕ್ಕೆ ಮಾತ್ರ ಮಾಹಿತಿ ಬಳಸಿ ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಕೂಪನ್ ಮೇಲೆ ಸಾಲದ ಮಾತು ಎಲ್ಲಿತ್ತು? ಮಾಲೀಕರು ಸಿಗಲಿಲ್ಲ, ಚೀಟಿ ಬರೆದಿಟ್ಟು ಬಂದೆ. ‘ಪ್ಲಸ್ ಸೋಫಾ’ಕ್ಕೆ ಬಂದದ್ದೆಲ್ಲ ನೇರ ಬುಟ್ಟಿಗೆ ಹೋಗುವಂತೆ ಮಾಡಿದ್ದೇನೆ. ಕೆಲವು ವೆಬ್‌ಸೈಟ್‌ಗಳು ಕೂಡಿಸುವ ಚಿಹ್ನೆ ಇರುವ ವಿಳಾಸ ಒಪ್ಪುವುದಿಲ್ಲ, ಅಲ್ಲಿ ಈ ಉಪಾಯ ನಡೆಯದು.

ಭಾವ ಕೇಳಿದರು, “ಯಾರೂ ಓದಲ್ಲ ಅಂದ್ರೂ ಯಾಕ್ ಕಳಿಸ್ತಾರ?” ಕಳಿಸುವವನಿಗೆ ಖರ್ಚಿಲ್ಲ, ಅದಕ್ಕೆ. 1978ರ ಮೇ 3ರಂದು, ಇಂಟರ್ನೆಟ್‌ಗೂ ಮುಂಚಿನ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಸುಮಾರು 400 ಜನಕ್ಕೆ ಒಂದೇ ಜಾಹೀರಾತು ಕಳಿಸಿದ್ದೇ ಇದರ ಆರಂಭ ಎನ್ನುತ್ತಾರೆ. ಆಗಲೂ ಜನ ಸಿಟ್ಟಾದರು. ಜಾಹೀರಾತಿನ ಫೋನ್ ಕರೆಗೂ ಎಸ್ಸೆಮ್ಮೆಸ್‌ಗೂ ನಮ್ಮಲ್ಲಿ 1909 ಎಂಬ ಸಂಖ್ಯೆ ಇದೆ, ಬೇಡ ಎಂದು ನೋಂದಾಯಿಸಬಹುದು. ಇಮೇಲ್‌ಗೆ ಅಂಥದ್ದೊಂದು ಇಲ್ಲ. ಇರಬೇಕಿತ್ತು.

ಹತ್ತನೇ ವಾರ

ದಿನಕ್ಕೆ ಇನ್‌ಬಾಕ್ಸ್‌ಗೆ 70ರ ಆಸುಪಾಸು ಬರುತ್ತಿದ್ದದ್ದು ಈಗ 9, 10. ಓದದ ಮೇಲ್ ಸೊನ್ನೆ. ಸ್ಪ್ಯಾಮ್ ಡಬ್ಬಿಗೆ ಬೀಳುವುದು ಅಷ್ಟೇನೂ ಕಡಿಮೆಯಾಗಿಲ್ಲ, ಒಮ್ಮೆ ಸೋರಿದ ವಿಳಾಸವನ್ನು ವಾಪಸ್ ತರಲಾಗದು. ಭಾನುವಾರಗಳಲ್ಲಿ ಆ ಡಬ್ಬಿಯಿಂದ ಎತ್ತಿದ್ದು ಒಟ್ಟು 11: ಗಂಗಾವತಿಯ ಗೆಳೆಯನ ಗೃಹಪ್ರವೇಶದ ಆಮಂತ್ರಣ, ಮಿಲ್ಲಿನ ಎರಡು ಲಾರಿ ರಸೀದಿ, ಆಸ್ಪತ್ರೆಯ ಒಂದು ರಿಪೋರ್ಟ್ ಹೀಗೆ. ಆದಾಯ ತೆರಿಗೆ ರಿಫಂಡ್ ಎಂದು ಬಂದ ಒಂದನ್ನು ಎತ್ತುವ ಮುಂಚೆ ಕಳಿಸಿದವರ ವಿಳಾಸ ಬಿಡಿಸಿ ನೋಡಿದೆ. ಸರ್ಕಾರದ ವಿಳಾಸದ ಕೊನೆಯಲ್ಲಿ ಬರುವ ‘ಜಿಒವಿ ಡಾಟ್ ಇನ್’ ಅದರಲ್ಲಿರಲಿಲ್ಲ. ಅಲ್ಲೇ ಬಿಟ್ಟೆ.

ನಿನ್ನೆ ಮಾನ್ವಿಗೆ ಹೋಗಿದ್ದೆ. ರಜೆಗೆ ಬಂದಿದ್ದ ಸೊಸೆಗೆ ಅವಳದೇ ಖಾತೆ ತೆರೆದು, ಕಾಲೇಜಿನಲ್ಲಿ ನನ್ನ ವಿಳಾಸ ಬದಲಿಸಲು ಅರ್ಜಿ ಬರೆಸಿದೆ. “ಮಾಮಾ, ಪರೀಕ್ಷೆ ಟೈಮಿಗೆ ನಂಗ ನೆನಪಿರಲ್ಲ” ಅಂದಳು. ಹಾಗಾಗಿ ಅಕ್ಕನ ಫೋನಿನಲ್ಲೂ ಖಾತೆ ತೆರೆದುಕೊಟ್ಟು, ಸ್ಪ್ಯಾಮ್ ಎಲ್ಲಿರುತ್ತದೆ ಎಂದು ತೋರಿಸಿದೆ. ಎರಡು ಸಲ ತಾನೇ ತೆರೆದು ಮುಚ್ಚಿ ನೋಡಿದಳು. ಆಮೇಲೆ ಅಡುಗೆಮನೆಯ ಕ್ಯಾಲೆಂಡರ್ ಇಳಿಸಿ, ಹಾಲಿನ ಲೆಕ್ಕ ಬರೆಯುವ ಪೆನ್ನಿನಲ್ಲೇ ಪ್ರತಿ ಭಾನುವಾರದ ಅಂಕಿಗೂ ಒಂದೊಂದು ಸುತ್ತು ಹಾಕಿದಳು.