ಕೋಟೆಯ ಕಿಂಡಿ, ಕಾವಲಿನ ಗೋಡೆ

ಕಳೆದ ಭಾನುವಾರ, ರಜೆಗೆಂದು ಊರಿಗೆ ಬಂದಿದ್ದ ತಂಗಿಯ ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ಹತ್ತಿದೆ. ಒನಕೆ ಓಬವ್ವನ ಕಿಂಡಿಯ ಬಳಿ ಸರದಿ ನಿಂತಿತ್ತು. ಯಾವುದೋ ಹಳ್ಳಿಯ ಶಾಲೆಯಿಂದ ಮಕ್ಕಳನ್ನು ಕರೆತಂದಿದ್ದ ಮೇಷ್ಟ್ರೊಬ್ಬರು ಬಂಡೆಗೆ ಬೆನ್ನು ಕೊಟ್ಟು ನಿಂತು, "ತಲೆ ಬಗ್ಗಿಸ್ರೋ, ಕಲ್ಲು ಬಡೀತದೆ" ಎನ್ನುತ್ತಾ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಹುಡುಗಿಯೊಬ್ಬಳು ನುಸುಳಿ ಹೊರಬಂದವಳೇ ತಿರುಗಿ ನಿಂತು, ಕೈಯಲ್ಲಿ ಇಲ್ಲದ ಒನಕೆಯನ್ನು ಎತ್ತಿ ಹಿಡಿದು, ಹಿಂದೆ ಬರುತ್ತಿದ್ದ ಗೆಳತಿಯನ್ನು ಹೆದರಿಸಿದಳು. ಕಿಂಡಿಯ ಅಂಚಿನ ಕಲ್ಲು ಅಷ್ಟು ಕೈಗಳು ತಾಗಿ ನಯವಾಗಿದೆ. ಅಲ್ಲಿಂದ ಮೇಲೆ ಹೋಗಿ ಅರಮನೆಯಿದ್ದ ಜಾಗಕ್ಕೆ ಬಂದರೆ ಮಳೆಗಾಳಿಗೆ ಸವೆದ ಮಣ್ಣಿನ ಗೋಡೆಗಳಿವೆ, ಜನರಿಲ್ಲ. ಪಾಳೆಯಗಾರರು ಬಾಳಿದ ನೆಲವನ್ನು ಬದಿಗೆ ಬಿಟ್ಟು, ಕಾವಲುಗಾರನ ಹೆಂಡತಿ ನಿಂತ ಒಂದು ಬಿರುಕನ್ನು ನೋಡಲು ಜನ ಬಿಸಿಲಿನಲ್ಲಿ ಕಾಯುತ್ತಾರೆ. ಈ ಸಂಗತಿಯನ್ನು ಎಷ್ಟೋ ಸಲ ನೋಡಿದ್ದರೂ ಅದರ ಬಗ್ಗೆ ಕೂತು ಯೋಚಿಸಿದ್ದು ಆ ದಿನವೇ.

ಏಳು ಸುತ್ತಿನ ಈ ಕೋಟೆಯನ್ನು ಕಟ್ಟಿದ್ದು ಜನರನ್ನು ಹೊರಗಿಡುವುದಕ್ಕೆ. ಆನೆಗಳು ಓಡಿಬಂದು ಬಾಗಿಲಿಗೆ ಹಾಯದಂತೆ ದಾರಿಯನ್ನು ಅಡ್ಡಡ್ಡಲಾಗಿ ತಿರುಗಿಸಿದ್ದಾರೆ. ಒಂದು ಬಾಗಿಲಲ್ಲಿ ನಿಂತವನಿಗೆ ಮುಂದಿನ ಬಾಗಿಲು ಕಾಣುವುದಿಲ್ಲ. ಯಾರು ಎಲ್ಲಿಯವರೆಗೆ ಬರಬಹುದು, ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಬೆಟ್ಟದ ಮೈಮೇಲೇ ಕಲ್ಲಿನಲ್ಲಿ ಬರೆದಿಟ್ಟ ವ್ಯವಸ್ಥೆ ಅದು. 1779ರಲ್ಲಿ ಹೈದರಾಲಿಯ ವಶವಾದ ಮೇಲೆ ನಾಯಕರ ಆಳ್ವಿಕೆ ಮುಗಿಯಿತು. ಕಲ್ಲುಗಳು ಬಹುಮಟ್ಟಿಗೆ ಇದ್ದಲ್ಲೇ ಇವೆ, ಆದರೆ ಅವುಗಳ ಅರ್ಥವೇ ಬದಲಾಯಿತು. ಛಲವಾದಿ ಮನೆತನದ ಹೆಣ್ಣುಮಗಳ ಹೆಸರು ಇಂದು ಊರಿನ ಕ್ರೀಡಾಂಗಣಕ್ಕಿದೆ, ವೃತ್ತಕ್ಕಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಸರ್ಕಾರಿ ಆದೇಶ ಬಂದದ್ದು ಈಚೆಗೆ. ಅದಕ್ಕೂ ಎಷ್ಟೋ ಮುಂಚೆ, ಕೋಟೆಯಲ್ಲಿ ಯಾವ ಜಾಗ ದೊಡ್ಡದೆಂಬುದನ್ನು ಜನರ ಕಾಲುಗಳು ತೀರ್ಮಾನಿಸಿಬಿಟ್ಟಿದ್ದವು.

ನೆಲಕ್ಕೂ ಪ್ರಜಾಪ್ರಭುತ್ವಕ್ಕೂ ಇರುವ ನಂಟನ್ನು ಹೇಳಲು ನಮ್ಮ ಪಠ್ಯಪುಸ್ತಕಗಳ 'ಭೂದೃಶ್ಯ' ಎಂಬ ಪದ ಸಾಲದು ಎಂದು ನನಗೆ ಅನಿಸುತ್ತದೆ. ಅದರಲ್ಲಿ ನೆಲವಿದೆ, ನೋಡುವ ಕಣ್ಣಿದೆ, ಬಾಳುವ ಜನರಿಲ್ಲ. ಅದಕ್ಕಿಂತ ಹಳೆಯವಾದ 'ನಾಡು', 'ಸೀಮೆ' ಎಂಬ ಮಾತುಗಳಲ್ಲಿ ಮಣ್ಣೂ ಜನರೂ ಅವರ ಕಟ್ಟುಕಟ್ಟಳೆಯೂ ಒಟ್ಟಿಗೆ ಬರುತ್ತವೆ. ಮೊಳಕಾಲ್ಮೂರು ಸೀಮೆ ಎಂದರೆ ಬರೀ ಗುಡ್ಡ, ಕುರುಚಲು ಗಿಡಗಳೆಂದು ಯಾರೂ ತಿಳಿಯುವುದಿಲ್ಲ. ಉತ್ತರ ಯೂರೋಪಿನ ಭಾಷೆಗಳಲ್ಲಿಯೂ ಹಿಂದೆ ಇದೇ ಬಗೆಯ ಪದವೊಂದು, ಅಂದರೆ ಇಂದಿನ ಇಂಗ್ಲಿಷಿನ 'ಲ್ಯಾಂಡ್‌ಸ್ಕೇಪ್'ನ ಮೂಲ ಪದ, ಚಿತ್ರಕಾರರ ಕೈಗೆ ಸಿಕ್ಕಿ ನೋಟವಾಗುವ ಮೊದಲು, ತನ್ನದೇ ಕಟ್ಟಳೆಗಳಿದ್ದ ಸೀಮೆಯನ್ನು ಸೂಚಿಸುತ್ತಿತ್ತು. 2000ದಲ್ಲಿ ಫ್ಲಾರೆನ್ಸ್ ನಗರದಲ್ಲಿ ಯೂರೋಪಿನ ದೇಶಗಳು ಈ ವಿಷಯಕ್ಕಾಗಿಯೇ ಮಾಡಿಕೊಂಡ ಒಪ್ಪಂದವು, ಜನರ ಗ್ರಹಿಕೆಯನ್ನು ಆ ಪದದ ವ್ಯಾಖ್ಯೆಯೊಳಗೇ ಸೇರಿಸಿತು. ಐಸ್‌ಲ್ಯಾಂಡಿನ ಜನ 930ರಿಂದ ವರ್ಷಕ್ಕೊಮ್ಮೆ ಬಂಡೆಗಳ ನಡುವಣ ಒಂದು ತೆರೆದ ಜಾಗದಲ್ಲಿ ಸೇರಿ ಕಾನೂನು ಕೇಳುತ್ತಿದ್ದರು, ವ್ಯಾಜ್ಯ ತೀರಿಸಿಕೊಳ್ಳುತ್ತಿದ್ದರು. ಆ ಜಾಗದ ಹೆಸರು ಥಿಂಗ್ವೆಟ್ಲಿರ್. ಅದರ ಅರ್ಥ 'ಸಭೆಯ ಬಯಲು'.

ಬಯಲು ಎಂದಾಕ್ಷಣ ನಮ್ಮ ಬಯಲುಸೀಮೆಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಗುಟ್ಟು ಬಯಲಿಗೆ ಬರುತ್ತದೆ, ಬಣ್ಣ ಬಯಲಾಗುತ್ತದೆ, ರಾತ್ರಿಯಿಡೀ ಬಯಲಾಟ ನಡೆಯುತ್ತದೆ. ಮುಚ್ಚಿಡಲಾಗದ್ದು, ಎಲ್ಲರಿಗೂ ಕಾಣುವಂಥದ್ದು, ಎಲ್ಲರೂ ಬಂದು ಕೂರಬಹುದಾದದ್ದು ಎಂಬ ಅರ್ಥಗಳೆಲ್ಲ ಆ ಒಂದು ಮಾತಿನಲ್ಲಿವೆ.

ನನ್ನ ಪಾಲಿಗೆ ಮೊದಲ ಬಯಲು ಚಿತ್ರದುರ್ಗದ ಹಳೇ ಮಾಧ್ಯಮಿಕ ಶಾಲೆಯ ಮೈದಾನ. ಅಪ್ಪ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದರು. ಸಾಹುಕಾರರ ಎದುರಿಗೆ ಅವರು ಕುಳಿತದ್ದನ್ನು ನಾನು ಮಂಡಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಲೆಕ್ಕ ಮುಗಿಯುವವರೆಗೂ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ನಿಂತೇ ಇರುತ್ತಿದ್ದರು. ಒಂದು ಸಂಜೆ ಚುನಾವಣಾ ಸಭೆಗೆ ನನ್ನನ್ನು ಕರೆದುಕೊಂಡು ಹೋದರು. ಯಾವ ಪಕ್ಷದ ಸಭೆ, ಯಾರು ಮಾತನಾಡಿದರು ಎಂಬುದೊಂದೂ ನೆನಪಿಲ್ಲ. ಅಪ್ಪ ಅದೇ ಟವೆಲನ್ನು ನೆಲಕ್ಕೆ ಹಾಸಿ ಕೂತಿದ್ದು, ಮೂರು ಮಾರು ದೂರದಲ್ಲಿ ಅದೇ ಸಾಹುಕಾರರು ಪಂಚೆ ಮಡಿಚಿ ಅದೇ ಮಣ್ಣಿನ ಮೇಲೆ ಕೂತಿದ್ದು, ಅವರು ಕೈಚಾಚಿ ನನಗೂ ಒಂದು ಹಿಡಿ ಹುರಿದ ಶೇಂಗಾ ಕೊಟ್ಟಿದ್ದು ಮಾತ್ರ ನೆನಪಿದೆ. ಅವರು ಹೊರಟಾಗ ಅಪ್ಪ ಎದ್ದು ನಿಲ್ಲಲಿಲ್ಲ. ಮರುದಿನ ಮಂಡಿಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತೆಂಬುದು ನನಗೆ ಗೊತ್ತು. ಆದರೂ ಆ ಒಂದು ಗಂಟೆಯ ಸಮಾನತೆಯನ್ನು ಕೊಟ್ಟದ್ದು ಭಾಷಣವೆಂದು ನಾನು ನಂಬುವುದಿಲ್ಲ. ಅದನ್ನು ಕೊಟ್ಟದ್ದು ಕುರ್ಚಿಗಳಿಲ್ಲದ ಆ ನೆಲ. 1997ರವರೆಗೆ ನಮ್ಮ ಜಿಲ್ಲೆಯೇ ಆಗಿದ್ದ ದಾವಣಗೆರೆಯಲ್ಲಿ ಈ ಕೆಲಸವನ್ನು ಹೈಸ್ಕೂಲ್ ಮೈದಾನವೂ ಜಯದೇವ ವೃತ್ತವೂ ಮಾಡುತ್ತಾ ಬಂದಿವೆ. ಶಾಂತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಬೀದಿಯ ಸಭೆಗಳನ್ನು ನಿಯಂತ್ರಿಸಬಹುದೇ ಹೊರತು ಅವುಗಳಿಗೆ ಅವಕಾಶವೇ ಇಲ್ಲದಂತೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ, ಅಹಮದಾಬಾದಿನ ಪ್ರಕರಣವೊಂದರಲ್ಲಿ ಹೇಳಿದೆ. ಕೂರಲು ನೆಲವೇ ಇಲ್ಲದಿದ್ದರೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಹಾಗೆಂದು ಹಿಂದಿನ ಬಯಲುಗಳೆಲ್ಲ ಎಲ್ಲರಿಗೂ ತೆರೆದಿದ್ದವೆಂದು ಬರೆದರೆ ತಪ್ಪಾಗುತ್ತದೆ. ಅಥೆನ್ಸಿನ ಪ್ನಿಕ್ಸ್ ಗುಡ್ಡದಲ್ಲಿ, ನಮ್ಮಂತೆಯೇ ಬಂಡೆಯನ್ನು ಕಡಿದು ಮಾಡಿದ ಕಟ್ಟೆಯ ಎದುರು, ಪೌರರು ಸಾವಿರಗಟ್ಟಲೆ ಸೇರುತ್ತಿದ್ದರು. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿರಲಿಲ್ಲ. ನಮ್ಮ ಹಳ್ಳಿಗಳ ಅರಳಿಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ದೂರದಲ್ಲಿ ನಿಂತು ಮಾತು ಕೇಳಿಸಿಕೊಳ್ಳಬೇಕಿತ್ತು ಎಂಬುದನ್ನು ನನ್ನ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ಆಕೆ ನಿಂತವರ ಪೈಕಿ.

ಕೋಟೆಯಿಂದ ಇಳಿದ ಮೇಲೂ ಮನಸ್ಸಿನಲ್ಲಿ ಉಳಿದದ್ದು ಚಳ್ಳಕೆರೆಯ ಕಡೆಯ ಅಮೃತ ಮಹಲ್ ಕಾವಲು. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯ ದನಗಳಿಗಾಗಿ ಮೀಸಲಾಗಿದ್ದ, ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎಂಬ ಹೆಸರು ಪಡೆದ ಹುಲ್ಲುಗಾವಲುಗಳಿವು. ಹುಟ್ಟಿನಲ್ಲಿ ಇವೂ ಅರಸರ ನೆಲವೇ. ಕಾಲಕ್ರಮದಲ್ಲಿ ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನಗಳು ಅಲ್ಲಿ ಮೇಯುವುದು ರೂಢಿಯಾಯಿತು. ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳನ್ನು, ಅವನ್ನು ಕಾಯುವ ಕಿಲಾರಿಗಳು ಹೊಡೆದುಕೊಂಡು ಹೋಗುವುದು ಇಂಥ ಹುಲ್ಲಿಗೆ. ಚಳ್ಳಕೆರೆಯ ಕಂಬಳಿಯ ಉಣ್ಣೆ ಬೆಳೆದದ್ದು ಇಂಥ ಹುಲ್ಲಿನ ಮೇಲೆ. ಕೃಷ್ಣಮೃಗಗಳಿಗೂ ಇದೇ ಮನೆ. ಕಂದಾಯ ದಾಖಲೆ ಓದುವವರ ಕಣ್ಣಿಗೆ ಇದು ಖಾಲಿ ಜಾಗ. ಸುಮಾರು 15 ವರ್ಷಗಳ ಹಿಂದೆ, ಇದರಲ್ಲಿ ಅಂದಾಜು 10,000 ಎಕರೆ ವಿಜ್ಞಾನ, ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಬಂಧದ ಯೋಜನೆಗಳಿಗೆ ಹಂಚಿಕೆಯಾಯಿತು. ತಮ್ಮ ಹುಲ್ಲುಗಾವಲು ಕೈಬಿಟ್ಟದ್ದು ಎಷ್ಟೋ ಹಳ್ಳಿಗಳವರಿಗೆ ತಿಳಿದದ್ದು ಗೋಡೆ ಏಳತೊಡಗಿದಾಗ. ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ಹೋಯಿತು. ಗೋಡೆ ಉಳಿಯಿತು.

ಆ ಸಂಸ್ಥೆಗಳು ದೇಶಕ್ಕೆ ಬೇಕು. ಅಲ್ಲಿ ನಡೆಯುವ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅಷ್ಟು ದೊಡ್ಡ ನೆಲದ ಗತಿ ಬದಲಾಗುವಾಗ ಅದರ ಮೇಲೆ ದಿನವೂ ನಡೆಯುವವರನ್ನು ಕೂರಿಸಿಕೊಂಡು ಒಂದು ಮಾತು ಕೇಳಬೇಕಿತ್ತು ಎಂಬ ನೋವು ನನಗೆ ಆರಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಕೇಳಲು ವೇದಿಕೆ ಇರಲಿಲ್ಲವೆನ್ನುವಂತಿಲ್ಲ.

ಹೋದ ಬೇಸಿಗೆಯಲ್ಲಿ ಆ ಗೋಡೆಯ ಪಕ್ಕದ ಕಾಲುದಾರಿಯಲ್ಲಿ ಒಂದು ಮೈಲಿಯಷ್ಟು ನಡೆದಿದ್ದೆ. ಮುಂದೆ ಅಜ್ಜಿಯೊಬ್ಬಳು ಇಪ್ಪತ್ತು ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದಳು. ಗೋಡೆಯ ನೆರಳು ಅಂಗೈಯಗಲವಿತ್ತು. ಕುರಿಗಳು ಆ ನೆರಳಿಗೆ ತಲೆಯಷ್ಟನ್ನೇ ಒತ್ತಿಕೊಂಡು ಒಂದರ ಹಿಂದೆ ಒಂದು ನಡೆಯುತ್ತಿದ್ದವು.

"ಎಲ್ಲಿಗಜ್ಜಿ?"

"ನೀರಿಗಪ್ಪ. ಮುಂಚೆ ಹಿಂಗೆ ಅಡ್ಡ ಹಾದ್ರೆ ಕಟ್ಟೆ ಸಿಗ್ತಿತ್ತು. ಈಗ ಸುತ್ತಿ ಹೋಗ್ಬೇಕು."

"ಗೋಡೆ ಕಟ್ಟೋವಾಗ ಯಾರೂ ಕೇಳ್ಲಿಲ್ವಾ?"

"ನಮ್ಮನ್ಯಾರು ಕೇಳ್ತಾರಪ್ಪ. ಕುರಿ ದಾಟೋವಷ್ಟು ಒಂದು ಕಿಂಡಿನಾದ್ರೂ ಬಿಟ್ಟಿದ್ರೆ ಸಾಕಾಗಿತ್ತು" ಎಂದು ಹೇಳಿ, ಹಿಂದೆ ಬಿದ್ದ ಮರಿಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು.

ಕೋಟೆಯಿಂದ ಬಂದ ರಾತ್ರಿಯೇ ಅಲ್ಲಿನ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಪತ್ರ ಬರೆದೆ. ಮುಂದಿನ ಗ್ರಾಮಸಭೆಯನ್ನು ಪಂಚಾಯಿತಿ ಕಟ್ಟಡದ ಕೋಣೆಯ ಬದಲು ಗೋಡೆಯ ಈಚೆಗಿರುವ ಬಯಲಿನಲ್ಲಿ, ಎಲ್ಲರೂ ನೆಲದ ಮೇಲೆ ಕೂತು, ಕುರಿಯವರು ನೀರಿಗೆ ಹೋಗುವ ದಾರಿಯನ್ನೇ ಮೊದಲ ವಿಷಯವಾಗಿಟ್ಟುಕೊಂಡು ನಡೆಸಬೇಕೆಂದು ಕೇಳಿಕೊಂಡೆ. ಅವರು ಫೋನ್ ಮಾಡಿ, "ಆಗ್ಲಿ ಸಾರ್, ಆದ್ರೆ ಬಿಸ್ಲಲ್ಲಿ ಜನ ಕೂರ್ಬೇಕಂದ್ರೆ ಶಾಮಿಯಾನ ಹಾಕಿಸ್ಬೇಕಾಗುತ್ತೆ, ಅದಕ್ಕೆ ದುಡ್ಡಿಲ್ಲ" ಎಂದರು. ದಾರಿಯ ತಿರುವಿನಲ್ಲಿ ದೊಡ್ಡ ಬೇವಿನ ಮರವೊಂದಿದೆ, ಬೆಳಿಗ್ಗೆ ಹತ್ತರೊಳಗೆ ಸೇರಿದರೆ ಅದರ ನೆರಳು ಊರಿಗೆಲ್ಲ ಸಾಲುತ್ತದೆ ಎಂದು ಹೇಳಿದ್ದೇನೆ.