ಕನ್ನಡಿಯಲ್ಲಿ ಮೊಣಕೈ

17 ನವೆಂಬರ್ 2024, ಭಾನುವಾರ
ಬಳ್ಳಾರಿ

ಬೆಳಿಗ್ಗೆ ಆರೂಕಾಲಿಗೇ ಮನೆ ಬಿಟ್ಟೆ. ನವೆಂಬರ್ ಅಂದರೂ ನಮ್ಮೂರಲ್ಲಿ ಒಂಬತ್ತು ದಾಟಿದರೆ ಹೆಲ್ಮೆಟ್ ಒಳಗೆ ತಲೆ ಬೇಯುತ್ತದೆ. ರಾಯಲ್ ಸರ್ಕಲ್ ಹತ್ತಿರ ಟೀ ಅಂಗಡಿ ಮುಂದೆ ಇಬ್ಬರೂ ಆಗಲೇ ನಿಂತಿದ್ದರು. ಒಬ್ಬರು ಹೆಡ್ ಕಾನ್‌ಸ್ಟೇಬಲ್, ಸರ್ವಿಸಿನಲ್ಲಿ ಅರ್ಧ ಬೈಕ್ ಮೇಲೇ ಕಳೆದವರು. ಮಂತ್ರಿಗಳು ಬಂದರೆ ಮುಂದೆ ಎಸ್ಕಾರ್ಟ್ ಹೋಗುವವರು. ಇನ್ನೊಬ್ಬರು ಅವರ ಜೊತೆಗಾರ, ವಯಸ್ಸಿನಲ್ಲಿ ಚಿಕ್ಕವರು. ಇಬ್ಬರಿಗೂ ಇವತ್ತು ರಜೆ. ನಾನು ಬೈಕ್ ಓಡಿಸುವುದನ್ನು ಹಿಂದಿನಿಂದ ನೋಡಿ ತಪ್ಪು ಹೇಳಲು ಗೆಳೆಯನೊಬ್ಬ ಅವರನ್ನು ಕಾಡಿ ಬೇಡಿ ಒಪ್ಪಿಸಿದ್ದ.

ಈ ಹುಚ್ಚು ಹತ್ತಿಸಿದ್ದು ಇಂಗ್ಲೆಂಡಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ. ಅಲ್ಲಿ ಪೊಲೀಸರು ‘ಬೈಕ್‌ಸೇಫ್’ ಅಂತ ನಡೆಸುತ್ತಾರಂತೆ. ಮೊದಲು ಕೂತು ಒಂದಷ್ಟು ಮಾತು. ಆಮೇಲೆ ನೀನು ನಿನ್ನ ಪಾಡಿಗೆ ಗಾಡಿ ಓಡಿಸು, ಅನುಭವಸ್ಥ ರೈಡರ್ ಒಬ್ಬರು ಹಿಂದೆ ಬರುತ್ತಾರೆ, ಕಂಡದ್ದನ್ನು ಕೊನೆಗೆ ಹೇಳುತ್ತಾರೆ. ಪಾಸೂ ಇಲ್ಲ, ಫೇಲೂ ಇಲ್ಲ. ಪೊಲೀಸ್ ಹಿಂದೆ ಬಂದರೂ ದಂಡ ಇಲ್ವಾ ಅಂತ ಫೋನಲ್ಲಿ ನಕ್ಕಿದ್ದೆ. ಆದರೆ ಮಾತು ತಲೆಯಲ್ಲಿ ಕೂತಿತು. ನಾನು 2005ರಲ್ಲಿ ಆರ್‌ಟಿಒ ಮೈದಾನದಲ್ಲಿ ಎಂಟು ಹೊಡೆದು ಲೈಸೆನ್ಸ್ ತಗೊಂಡವನು. ಆ ಎಂಟೇ ಕೊನೆ, 19 ವರ್ಷದಲ್ಲಿ ನಾನು ಹೇಗೆ ಓಡಿಸುತ್ತೇನೆ ಅಂತ ಯಾರೂ ನೋಡಿಲ್ಲ. ಹೆಂಡತಿ ನೋಡಿದ್ದಾಳೆ, ಹಿಂದಿನ ಸೀಟಿನಿಂದ. ಅವಳು ಹೇಳಿದ್ದು ಗಾಳಿಗೆ ಹೋಗುತ್ತದೆ.

ಟೀ ಮುಗಿಯುವ ಮೊದಲೇ ಪರೀಕ್ಷೆ ಶುರುವಾಯಿತು. ಹೆಡ್ ಕಾನ್‌ಸ್ಟೇಬಲ್ ಕುಕ್ಕರಗಾಲಲ್ಲಿ ಕೂತು ಚೈನ್ ಎತ್ತಿ ನೋಡಿದರು, ಟೈರ್ ಒತ್ತಿದರು. ‘ಗಾಳಿ ಯಾವಾಗ ನೋಡಿಸಿದ್ರಿ?’ ನೆನಪಿರಲಿಲ್ಲ. ಎದ್ದು ನನ್ನ ಹಿಂದೆ ಬಂದು ಹೆಲ್ಮೆಟ್ಟಿನ ಹಿಂಭಾಗ ಹಿಡಿದು ಮೇಲಕ್ಕೆತ್ತಿದರು. ಅದು ಸಲೀಸಾಗಿ ಕಳಚಿ ಅವರ ಕೈಗೆ ಬಂತು. ಒಳಗೆ ಐಎಸ್‌ಐ ಗುರುತು, ಹೆಲ್ಮೆಟ್ಟಿನ ಮಾನಕ ಸಂಖ್ಯೆ ಐಎಸ್ 4151, ಎಲ್ಲ ಸರಿಯಾಗಿತ್ತು. ಪಟ್ಟಿ ಮಾತ್ರ ಎರಡು ಬೆರಳಲ್ಲ, ಇಡೀ ಕೈ ತೂರುವಷ್ಟು ಸಡಿಲ. ‘ನೀವು ನೆಲಕ್ಕೆ ಬೀಳೋದ್ರೊಳಗ ಇದು ಬ್ಯಾರೆ ಊರಿಗೆ ಹೋಗಿರತೈತ್ರಿ’ ಅಂದರು. ಆಮೇಲೆ, ‘ಮನಿಯವ್ರಿಗೆ ಹೆಲ್ಮೆಟ್ ಐತೇನ್ರಿ?’ ಇದೆ ಅಂದೆ. ಸುಳ್ಳಲ್ಲ, ಅಟ್ಟದ ಮೇಲಿದೆ.

ಕನ್ನಡಿಗೆ ಬಂದಾಗ ನನಗೆ ನಿಜವಾಗಿ ನಾಚಿಕೆಯಾಯಿತು. ಎಡಗಡೆಯದು ಇಲ್ಲವೇ ಇಲ್ಲ. ಕೌಲ್ ಬಜಾರಿನ ಸಂದಿಗಳಲ್ಲಿ ತಾಗುತ್ತದೆ ಅಂತ ಎಷ್ಟೋ ವರ್ಷದ ಹಿಂದೆ ಬಿಚ್ಚಿಸಿದ್ದೆ. ಬಲಗಡೆಯದು ಇದೆ, ಅದನ್ನು ಬಳಸುವುದು ತಲೆ ಬಾಚಿಕೊಳ್ಳಲು. ಸೀಟಲ್ಲಿ ಕೂತು ನೋಡಿದರೆ ನನ್ನ ಮೊಣಕೈ, ಅಂಗಿಯ ತೋಳು, ಮೂಲೆಯಲ್ಲಿ ಒಂದು ಚೂರು ಆಕಾಶ. ಅವರು ಏನೂ ಅನ್ನಲಿಲ್ಲ. ಅದನ್ನು ತಿರುಗಿಸಿ ರಸ್ತೆ ಕಾಣುವ ಹಾಗೆ ಮಾಡಿ, ‘ಹೊಂಡ್ರಿ, ನಿಮ್ಮ ಪಾಡಿಗೆ ಓಡಿಸ್ರಿ’ ಅಂದರು.

ನಮ್ಮ ಪಾಡಿಗೆ ಓಡಿಸುವುದು ಹೇಗೆ, ಹಿಂದೆ ಪೊಲೀಸ್ ಇದ್ದಾಗ? ಊರು ದಾಟುವವರೆಗೆ ಮದುಮಗನ ಹಾಗೆ ಹೋದೆ. ಅಲ್ಲೀಪುರ ದಾಟಿ ಹೊಸಪೇಟೆ ರಸ್ತೆಗೆ ಬಿದ್ದ ಮೇಲೆ ಹಳೇ ಚಾಳಿ ತಾನಾಗಿ ಬಂತು. ಕುಡಿತಿನಿ ಹತ್ತಿರ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಹೊತ್ತ ಬಲ್ಕರ್ ಲಾರಿ ಸಿಕ್ಕಿತು. (ಕುಡಿತಿನಿಗೆ ಬೂದಿ ಹೊಸದಲ್ಲ. ನವಶಿಲಾಯುಗದವರು ಸಗಣಿ ಸುಟ್ಟ ಬೂದಿದಿಬ್ಬ ಅಲ್ಲೇ ಇದೆ.) ಓವರ್‌ಟೇಕಿಗೆ ಹೊಂಚು ಹಾಕುತ್ತಾ ಅದರ ಬಾಲಕ್ಕೆ ಅಂಟಿಕೊಂಡೇ ಹೋದೆ. ಸ್ವಲ್ಪ ದೂರಕ್ಕೆ ಹಿಂದಿನಿಂದ ಲೈಟ್ ಮಿನುಗಿತು. ಪಕ್ಕಕ್ಕೆ ನಿಲ್ಲಿಸಿದೆ.

‘ಏನು ಕಾಣಿಸ್ತಿತ್ರಿ?’
‘ಲಾರಿ.’
‘ಅದರ ಮುಂದೆ?’

ಗೊತ್ತಿರಲಿಲ್ಲ. ಲಾರಿಯ ಹಿಂದೆ ಬರೆದದ್ದನ್ನೆಲ್ಲ ಓದಿದ್ದೆ, ಅದರ ಮುಂದೆ ಎತ್ತಿನಗಾಡಿ ಇತ್ತೋ ಬಸ್ ಇತ್ತೋ ಹೇಳಲಾಗಲಿಲ್ಲ. ಅಷ್ಟೇ ಅಲ್ಲ, ಡ್ರೈವರನ ಕನ್ನಡಿ ನನಗೆ ಕಾಣುತ್ತಿರಲಿಲ್ಲ. ಅವನ ಕನ್ನಡಿ ನಿಮಗೆ ಕಾಣದಿದ್ದರೆ ಅವನ ಲೆಕ್ಕದಲ್ಲಿ ನೀವು ಹುಟ್ಟೇ ಇಲ್ಲ ಅಂದರು. ಮತ್ತೆ ಹೊರಟು ಇನ್ನೊಂದು ಲಾರಿ ಹಿಂದೆ ಎಣಿಸಲು ಹೇಳಿದರು. ಲಾರಿ ಒಂದು ಕಂಬ ದಾಟಿದ ತಕ್ಷಣ ‘ಒಂದ್ ಬಳ್ಳಾರಿ, ಎರಡ್ ಬಳ್ಳಾರಿ’ ಅನ್ನಬೇಕು, ಅಂದರೆ ಸುಮಾರು ಎರಡು ಸೆಕೆಂಡ್. ಅದು ಮುಗಿಯುವ ಮೊದಲು ನಾನು ಕಂಬಕ್ಕೆ ಬರಬಾರದು. ನಾನು ‘ಒಂದ್ ಬಳ್...’ ಅನ್ನುವಷ್ಟರಲ್ಲೇ ಕಂಬ ಹಿಂದೆ ಹೋಗಿತ್ತು. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯುವುದಕ್ಕೇ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ನಾನು ಬಿಟ್ಟಿದ್ದ ಜಾಗ ಅದಕ್ಕೂ ಸಾಲದು.

ತೋರಣಗಲ್ಲಿನಲ್ಲಿ ಸಂಡೂರಿಗೆ ತಿರುಗುವ ಕಡೆ ಮತ್ತೆ ನಿಂತೆವು. ಅಲ್ಲಿ ರಸ್ತೆಯ ಅಂಚಿಗೆಲ್ಲ ಕೆಂಪು ಹಿಟ್ಟು ಚೆಲ್ಲಿದ ಹಾಗಿರುತ್ತದೆ, ಅದಿರು ಲಾರಿಗಳಿಂದ ಉದುರಿದ್ದು. ಚಿಕ್ಕವರು ಬಗ್ಗಿ ಒಂದು ಚಿಟಿಕೆ ತೆಗೆದು ನನ್ನ ಅಂಗೈಗೆ ಹಾಕಿದರು. ನೋಡಲು ಅರಿಶಿನ ಕುಂಕುಮದಷ್ಟು ನುಣುಪು, ಕೈಗೆ ಬೇರೆಯೇ ತೂಕ. ಉಜ್ಜಿದರೆ ಸಣ್ಣಗೆ ಮಿನುಗುತ್ತದೆ, ಬೆರಳು ತಾನೇ ಜಾರುತ್ತದೆ. ಗಾಡಿ ವಾಲಿಸಿಕೊಂಡು ಇದರ ಮೇಲೆ ಬ್ರೇಕ್ ಹಿಡಿದರೆ ಟೈರ್ ಕೂಡ ಹೀಗೇ. ಬ್ರೇಕ್ ಏನಿದ್ದರೂ ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗ. ಅಂಗೈಯ ಕೆಂಪು ಮಧ್ಯಾಹ್ನ ಊಟಕ್ಕೆ ಕೂತಾಗಲೂ ಪೂರ್ತಿ ಹೋಗಿರಲಿಲ್ಲ.

ಬ್ರೇಕಿನ ಪಾಠ ಅಲ್ಲೇ ಒಂದು ಖಾಲಿ ರಸ್ತೆಯಲ್ಲಿ. ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಅಂತ ಕಲಿತ ಪೀಳಿಗೆ ನಮ್ಮದು. ನನ್ನದು 2014ರ 100 ಸಿಸಿ ಗಾಡಿ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು, ನಾನು ಎರಡೂ ಲೆಕ್ಕಕ್ಕೆ ಸೇರಲಿಲ್ಲ. ಮೊದಲು 40ರಲ್ಲಿ ಬರೀ ಹಿಂದಿನ ಬ್ರೇಕ್ ತುಳಿದು ನಿಲ್ಲಿಸಿದೆ. ನಿಂತಲ್ಲಿ ಒಂದು ಕಲ್ಲಿಟ್ಟರು. ಮುಂದಿನದನ್ನು ಹಿಂಡುವುದು ಹೇಗೆ ಅಂತ ಹೆಡ್ ಕಾನ್‌ಸ್ಟೇಬಲ್ ಗಾಳಿಯಲ್ಲಿ ತೋರಿಸಿದರು, ಎಮ್ಮೆ ಹಾಲು ಕರೆಯುವ ಹಾಗೆ, ಒಂದೊಂದೇ ಬೆರಳು ಬಿಗಿಯುತ್ತಾ. ಸಿರುಗುಪ್ಪ ಕಡೆಯ ರೈತರ ಮನೆಯವರು, ಕೈಗೆ ಅದು ಗೊತ್ತು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಡಿತ ಇರುವುದೂ ಅಲ್ಲೇ. ಗಬಕ್ಕನೆ ಹಿಡಿದರೆ ಮಾತ್ರ ಜಾರುತ್ತದೆ. ನಾಲ್ಕನೇ ಸಲಕ್ಕೆ ಎರಡೂ ಬ್ರೇಕ್ ಹದವಾಗಿ ಕೂಡಿ ಬಂತು. ನಿಂತಲ್ಲಿ ಇನ್ನೊಂದು ಕಲ್ಲಿಟ್ಟರು. ಎರಡು ಕಲ್ಲಿನ ನಡುವೆ ಹೆಜ್ಜೆ ಹಾಕಿದೆ. ಒಂಬತ್ತು ಹೆಜ್ಜೆ. ಈ ಒಂಬತ್ತು ಹೆಜ್ಜೆಯಲ್ಲಿ ಯಾರ ಮಗು ಬೇಕಾದರೂ ಅಡ್ಡ ಬಂದಿರಬಹುದಿತ್ತಲ್ಲ ಅಂತ ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು.

ಎಲ್ಲದಕ್ಕೂ ತಲೆಯಾಡಿಸಲಿಲ್ಲ. ಹಾರ್ನ್ ಜಾಸ್ತಿ ಹೊಡೆಯುತ್ತೀರಿ ಅಂದರು. ಕೌಲ್ ಬಜಾರಿನಲ್ಲಿ ಹಾರ್ನ್ ಇಲ್ಲದೆ ಒಂದು ಮಾರು ಹೋಗಿ ತೋರಿಸಲಿ, ನೋಡೋಣ.

ವಾಪಸ್ ಬರುವಾಗ ಅವರು ಮುಂದೆ, ನಾನು ಹಿಂದೆ. ಇಡೀ ದಿನದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಅವರ ಬೆನ್ನು. ತಲೆ ಸುಮ್ನೆ ಇರುವುದೇ ಇಲ್ಲ. ಸಣ್ಣಗೆ ಎಡಕ್ಕೆ, ಬಲಕ್ಕೆ, ಕನ್ನಡಿಗೆ. ತಿರುಗುವ ಮುಂಚೆ ಒಮ್ಮೆ ಭುಜದ ಮೇಲಿಂದ ಹಿಂದಕ್ಕೆ. ಕುಡಿತಿನಿ ಇನ್ನೂ ದೂರ ಇರುವಾಗ, ರಸ್ತೆ ಪೂರ್ತಿ ಖಾಲಿ ಇರುವಾಗ, ಇದ್ದಕ್ಕಿದ್ದಂತೆ ವೇಗ ಇಳಿಸಿ ನಡು ರಸ್ತೆಯ ಕಡೆ ಸರಿದರು. ಗಾಡಿ ಕೆಟ್ಟಿತೇನೋ ಅಂದುಕೊಂಡೆ. ಅಷ್ಟರಲ್ಲಿ ಎಡಗಡೆ ಜಾಲಿಮರಗಳ ಸಂದಿಯಿಂದ ಟ್ರ್ಯಾಕ್ಟರ್ ಒಂದು ಹಿಂದೆ ಮುಂದೆ ನೋಡದೆ ರಸ್ತೆಗೆ ನುಗ್ಗಿತು. ಆಮೇಲೆ ಕೇಳಿದೆ, ನಿಮಗೆ ಹೇಗೆ ಕಂಡಿತು ಅಂತ.

‘ಟ್ರ್ಯಾಕ್ಟರ್ ನನಗೂ ಕಾಣಿಸಿಲ್ರೀ. ಜಾಲಿ ಮೇಲೆ ಧೂಳೆದ್ದಿತ್ತಲ್ಲ.’

ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಒಂಬತ್ತೂವರೆಗೆ ಬೀಳ್ಕೊಂಡೆವು. ದುಡ್ಡು ನನ್ನ ಕೈಯಿಂದ ಕೊಡಿಸಲಿಲ್ಲ. ಬರುವಾಗ ತೆರೆದಿದ್ದ ಒಂದು ಸ್ಪೇರ್ಸ್ ಅಂಗಡಿಯಲ್ಲಿ ಎಡಗಡೆ ಕನ್ನಡಿ ಕೇಳಿದೆ. ಬಿಡಿಯಾಗಿ ಕೊಡುವುದಿಲ್ಲವಂತೆ, ಜೋಡಿಯೇ ತಗೋಬೇಕಂತೆ. ತಗೊಂಡೆ.

ಸಂಜೆ ದುರ್ಗಮ್ಮನ ಗುಡಿಗೆ ಹೊರಟೆವು. ಅಟ್ಟದಿಂದ ಇಳಿಸಿದ ಹೆಲ್ಮೆಟ್ಟಿನ ಜೇಡರ ಬಲೆ ಒರೆಸಿ ಹೆಂಡತಿಯ ಕೈಗಿಟ್ಟೆ. ಮುಖ ಸೊಟ್ಟ ಮಾಡಿ ಹಾಕಿಕೊಂಡಳು. ಮುಂದೆ ಆಟೊ ಒಂದು ಹೋಗುತ್ತಿತ್ತು. ನಾನು ಬಾಯೊಳಗೇ ಒಂದ್ ಬಳ್ಳಾರಿ, ಎರಡ್ ಬಳ್ಳಾರಿ ಅನ್ನುತ್ತಾ ಹಿಂದೆ ಉಳಿದೆ. ಕನ್ನಡಿಯಲ್ಲಿ ಅವಳ ಹೆಲ್ಮೆಟ್ ಭುಜದ ಕಡೆಗೆ ಬಾಗಿದ್ದು ಕಂಡಿತು.

‘ಏನ್ರೀ, ಪೆಟ್ರೋಲ್ ಖಾಲಿ ಆಗಿದ್ಯಾ?’