ಬೂದಿ ಬಿದ್ದ ಕೌದಿ

ಹೋದ ವರ್ಷ ದೀಪಾವಳಿ ಆದಮ್ಯಾಲ ನಮ್ಮವ್ವ ಫೋನ್ ಮಾಡಿ, ನಿನ್ ಕಡೆ ಹಳೇ ಬಿಳೇ ಬಟ್ಟಿ ಏನರ ಇದ್ರ ತಗೊಂಬಾ ಅಂದ್ಲು. ಕೌದಿಗೆ ಅಂದ್ಲು. ಕೌದಿಗೆ ಯಾರೂ ಬರೇ ಬಿಳೇದು ಹಾಕಂಗಿಲ್ಲ, ಹಳೇ ಸೀರಿ, ಕುಬಸದ ತುಂಡು, ಲಂಗದ ಅಂಚು ಹಿಂಗ ಬಣ್ಣಬಣ್ಣದ್ದ ಹುಡುಕತಾರ, ಅದಕ್ಕ ಯಾಕವ್ವಾ ಬಿಳೇದ ಬೇಕು ಅಂತ ಕೇಳ್ದೆ. "ಬೂದಿ ಕಾಣಬೇಕಲ್ಲ" ಅಂದ್ಲು.

ನಮ್ಮೂರು ಕೊಪ್ಪಳದಿಂದ ಭಾಳ ದೂರಿಲ್ಲ. ಮಾಳಿಗಿ ಹತ್ತಿದ್ರ ಫ್ಯಾಕ್ಟರಿ ಚಿಮಣಿ ಕಾಣತಾವ. ರಾತ್ರಿ ಹೊಗಿ ಬಿಟ್ರಂದ್ರ ಬೆಳಿಗ್ಗೆ ಅಂಗಳಕ್ಕ ನೀರು ಹಾಕೋಕಿಂತ ಮೊದ್ಲ ಕರಿ ಪುಡಿ ಗುಡಿಸಬೇಕು, ತೊಳೆದಿಟ್ಟ ಕೊಡದ ಮ್ಯಾಲ, ಒಣ ಹಾಕಿದ ಹಪ್ಪಳದ ಮ್ಯಾಲ, ಕೂಸಿನ ಟೊಪಗಿ ಮ್ಯಾಲ ಎಲ್ಲಾ ಕಡೆ ಅದ. ಹತ್ತಿ ಬಿಡಿಸಿ ಚೀಲ ತುಂಬಿ ಒಯ್ದ್ರ, ಬಣ್ಣ ಕೆಟ್ಟೈತಿ ಅಂತ ವ್ಯಾಪಾರಿ ರೇಟು ಇಳಸ್ತಾನ. ಓಣಿಯವರು ಮೂರು ಸಲ ಅರ್ಜಿ ಕೊಟ್ಟಿದ್ರು. ಮೂರೂ ಸಲ ಸೀಲು ಹೊಡಸ್ಕೊಂಡು ಬಂದದ್ದ ಬಂತು.

ಹಿಂಗಾಗಿ ಹೆಣ್ಮಕ್ಕಳು ಕುಂತು ಮಾತಾಡಿ, ದೋತರ ಹರಿದು ಗೇಣುದ್ದದ ಚೌಕ ಮಾಡಿ, ಒಂದೊಂದು ರಾತ್ರಿ ಒಂದೊಂದು ಮನಿ ಮಾಳಿಗಿ ಮ್ಯಾಲ ಕಟ್ಟಿದ್ರು. ಬೆಳಿಗ್ಗೆ ಇಳಿಸಿ ತಾರೀಖು ಬರದಿಡೋದು. ಮೊದ್ಲ ನಾಕೈದು ಚೌಕದ್ದು ಬೂದಿ ಹೊಲಿಯೂ ಹೊತ್ತಿಗೆ ಉದುರೇ ಹೋತು, ಎಲ್ಲಾರೂ ಮಾರಿ ಸಪ್ಪಗ ಮಾಡ್ಕೊಂಡು ಕುಂತಾಗ ನಮ್ಮ ಸಣ್ಣತ್ತಿ ತೆಳ್ಳನ ಗಂಜಿ ಮಾಡಿ, ಬಟ್ಟಿ ಅದರಾಗ ಎದ್ದಿ ಹಿಂಡಿ, ಹಸೀದ ಇದ್ದಾಗ ಕಟ್ಟ್ರಿ ಅಂದ್ಲು. ಹಂಗ ಮಾಡಿದ್ರ ಪುಡಿ ಬಟ್ಟಿಗೆ ಕಚ್ಚಿ ಕುಂದರತದ, ಕೊಡವಿದ್ರೂ ಪೂರ್ತಿ ಬಿಡಂಗಿಲ್ಲ. ಮೂವತ್ತು ರಾತ್ರಿಗೆ ಮೂವತ್ತು ಚೌಕ. ಗಾಳಿ ಬ್ಯಾರೆ ದಿಕ್ಕಿಗೆ ಬೀಸಿದ ದಿನದ್ದು ಹಾಲಿನಂಗ, ನಮ್ಮ ಕಡೆ ಬೀಸಿದ ದಿನದ್ದು ಒಲಿ ಮ್ಯಾಲಿನ ಅರಿವಿ ಇದ್ದಂಗ. ಪ್ರತಿ ಚೌಕದ ಮೂಲಿಗೆ ಕೆಂಪು ದಾರದಾಗ ತಾರೀಖು ಹೊಲದಾರ, ಅವ್ವಗ ಅಕ್ಷರ ಬರಂಗಿಲ್ಲ, ಮೊಮ್ಮಗಳು ಪೆನ್ಸಿಲ್‌ನಾಗ ಬರದದ್ದರ ಮ್ಯಾಲ ಸೂಜಿ ಆಡಿಸ್ಯಾಳ. ಆಕಿ ಹೊಲದ 7 ಸ್ವಲ್ಪ ಬಾಗೇತಿ. ನನಗ ಅದನ್ನ ನೋಡಿದ್ರ ಈಗ್ಲೂ ಗಂಟಲು ಕಟ್ಟತೈತಿ.

ಹಿಂಗ ಕೈಕೆಲಸದಿಂದ ನ್ಯಾಯ ಕೇಳೋದಕ್ಕ ಕ್ರಾಫ್ಟಿವಿಸಂ ಅಂತಾರ ಅನ್ನೋದು ನನಗ ಗೊತ್ತಾಗಿದ್ದು ಆಮ್ಯಾಲ. ಅಮೆರಿಕದ ಬೆಟ್ಸಿ ಗ್ರೀರ್ 2003ರ ಹೊತ್ತಿಗೆ ಆ ಮಾತನ್ನ ಬಳಕೆಗೆ ತಂದ್ರು. ಇಂಗ್ಲೆಂಡಿನ ಸಾರಾ ಕಾರ್ಬೆಟ್ ಮತ್ತು ಅವರ ಜೊತಿಯವರು 2015ರಾಗ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಕಂಪನಿ ನಿರ್ದೇಶಕರಿಗೆ ಒಬ್ಬೊಬ್ಬರಿಗೂ ಕೈಯಾರೆ ಕಸೂತಿ ಹಾಕಿದ ಕರ್ಚೀಫು ಕೊಟ್ಟು, ಕೆಲಸಗಾರರಿಗೆ ಬದುಕೋಕೆ ಸಾಲೂವಷ್ಟು ಪಗಾರ ಕೊಡ್ರಿ ಅಂತ ಕೇಳಿದ್ರಂತ, ಮರುವರ್ಷ ಕಂಪನಿ ಪಗಾರ ಏರಿಸ್ತೀವಿ ಅಂತ ಹೇಳ್ತು. ಬರೇ ಕರ್ಚೀಫಿನಿಂದ ಆತು ಅಂತ ನಾ ಹೇಳಂಗಿಲ್ಲ, ಷೇರುದಾರರೂ ಒತ್ತಡ ಹಾಕಿದ್ರು. ಆದ್ರ ಬಾಗಿಲು ತೆಗದದ್ದು ಆ ಕರ್ಚೀಫು. ಚಿಲಿ ದೇಶದ್ದು ಓದಿದ ದಿನ ಮಾತ್ರ ನಿದ್ದಿ ಬರಲಿಲ್ಲ. 1973ರಾಗ ಅಲ್ಲಿನ ಸೇನಾ ಮುಖ್ಯಸ್ಥ ಪಿನೋಚೆ ಅಧಿಕಾರ ಕಿತ್ಕೊಂಡ ಮ್ಯಾಲ ಮಕ್ಕಳನ್ನ, ಗಂಡಂದಿರನ್ನ ಕಳ್ಕೊಂಡ ಹೆಣ್ಮಕ್ಕಳು ಗೋಣಿತಟ್ಟಿನ ಮ್ಯಾಲ ಬಟ್ಟಿ ತುಂಡು ಹೊಲದು ಚಿತ್ರ ಮಾಡಿದ್ರು, ಕೆಲವರು ಕಾಣಿಯಾದವರ ಅಂಗಿ ತುಂಡನ್ನ ಅದಕ್ಕ ಬಳಸಿದ್ರು. ಅರ್ಪಿಯೆರಾ ಅಂತ ಅದರ ಹೆಸರು. ಬಾಯಿ ಬಿಟ್ಟು ಹೇಳಕ್ಕಾಗದ್ದನ್ನ ಆ ಬಟ್ಟಿ ಗಡಿ ದಾಟಿ ಹೋಗಿ ಹೇಳ್ತು.

ನಮಗಂತೂ ಇದು ಹೊಸಾದಲ್ಲ, ಚರಕ ತಿರುಗಿಸಿದ ನಾಡಿದು. ಆದ್ರ ಈಗ ಕೈಕೆಲಸ ಅಂದ್ರ ಬಂದ ಮಂದಿಗೆ ತೋರಿಸೋ ಚಂದದ ಸಾಮಾನು ಅಂತ ಆಗೇತಿ. 2023ರ ಜುಲೈನಾಗ ಹಂಪಿಯೊಳಗ ಜಿ20 ಸಭೆ ಆದಾಗ ಸಂಡೂರಿನ ಕುಶಲಕಲಾ ಕೇಂದ್ರದ ಲಂಬಾಣಿ ಹೆಣ್ಮಕ್ಕಳು ಮಾಡಿದ 1,755 ಕಸೂತಿ ವಸ್ತು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆತು. ನನಗ ಭಾಳ ಹೆಮ್ಮೆ ಆಗಿತ್ತು. ಆ ಸೂಜಿ ಹಿಡಿದ ಕೈಗೆ ಏನು ಬೇಕಾಗೇತಿ ಅಂತನೂ ಅಷ್ಟ ಆಸ್ಥೆಯಿಂದ ಕೇಳಬೇಕು ಅಂತ ನನ್ನ ಆಸೆ.

ಕೌದಿ ಹೊಲಿಯೂ ಆ ಮೂವತ್ತು ಮಧ್ಯಾಹ್ನ ನಮ್ಮ ಓಣಿಯಾಗ ಏನಾತು ಅಂದ್ರ, ಎಂದೂ ಮೀಟಿಂಗಿಗೆ ಬರದವರು ಬಂದ್ರು. ಯಾರ ಕೂಸಿಗೆ ಕೆಮ್ಮು, ಯಾರದು ಎಷ್ಟು ಎಕರೆ ಹತ್ತಿ ಹೋತು ಎಲ್ಲಾ ಸೂಜಿ ಆಡಿಸ್ತಾ ಆಡಿಸ್ತಾ ಹೊರಗ ಬಂತು. ಆಫೀಸಿನಾಗ ಹೇಳಬೇಕಾದ ಮಾತು ಅಲ್ಲೇ ತಯಾರಾತು.

ಜನವರಿಯಾಗ ಹನ್ನೊಂದು ಮಂದಿ ಟೆಂಪೋ ಮಾಡ್ಕೊಂಡು ಹೋಗಿ ಕೌದಿನ ಸಾಹೇಬ್ರ ಟೇಬಲ್ ಮ್ಯಾಲ ಹಾಸಿದ್ರು. ಯಾರೂ ಘೋಷಣೆ ಕೂಗಲಿಲ್ಲ. ಅವರು ಒಂದು ಚೌಕದ ಮ್ಯಾಲ ಕೈ ಆಡಿಸಿ ಬೆರಳು ನೋಡ್ಕೊಂಡ್ರು, ಕರ್ರಗಾಗಿತ್ತು. "ಇದು ಯಾವತ್ತಿಂದು?" ಅಂದ್ರು. ಅವ್ವ ಮೂಲಿ ತೋರಿಸಿ, "ಅಲ್ಲೇ ಹೊಲದೀವಲ್ರಿ ಯಪ್ಪಾ, ಓದ್ರಿ" ಅಂದ್ಲು. ಸಾಹೇಬ್ರು ಕುರ್ಚಿ ತರಸಿ ಎಲ್ಲಾರ್ನೂ ಕುಂದರಸಿ ತಾಸೊತ್ತು ಕೇಳಿದ್ರು. ವಾರದಾಗ ಇಬ್ರು ಬಂದು ಮಾಳಿಗಿ ಮ್ಯಾಲ ಧೂಳು ಅಳಿಯೂ ಮಷೀನು ಇಟ್ಟು ಹೋದ್ರು.

ವರದಿ ಇನ್ನಾ ಕೈಗೆ ಸಿಕ್ಕಿಲ್ಲ, ಬೂದಿ ಬೀಳೋದು ನಿಂತಿಲ್ಲ. ಓಣಿಯವರು ಎರಡನೇ ಕೌದಿ ಶುರು ಮಾಡ್ಯಾರ, ಈ ಸಲ ಪಕ್ಕದೂರಿನವರೂ ಕೂಡ್ಯಾರ, ಅರವತ್ತು ಚೌಕದ್ದು. ಕೊಪ್ಪಳದ ಕಡೆ ಇರೋರು ಯಾರಾದ್ರೂ ಇದನ್ನ ಓದ್ತಿದ್ರ, ಮನಿಯಾಗ ಹಳೇ ಕಾಟನ್ ದೋತರ ಇದ್ರ ಕೊಡ್ರಿ. ಪಾಲಿಯೆಸ್ಟರ್ ಬ್ಯಾಡ, ಗಂಜಿ ಹಿಡಿಯಂಗಿಲ್ಲ.